ಅಫ್ಲಿಕ್ಟೆಡ್, ಸ್ಟ್ರಿಕನ್, ಸಫರಿಂಗ್: ಯಾವ ಕಷ್ಟಕ್ಕೆ ಯಾವ ಪದ?

ಕಳೆದ ತಿಂಗಳು ಒಂದೇ ವಾರದಲ್ಲಿ ಮೂವರು ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಮೊದಲನೆಯವಳು ಪಕ್ಕದ ಮನೆಯ ಹುಡುಗಿ, ಬಿ.ಕಾಂ. ಎರಡನೇ ವರ್ಷ. ವಿದ್ಯಾರ್ಥಿವೇತನಕ್ಕೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುತ್ತಿದ್ದಳು. ಅವಳ ಅಪ್ಪನಿಗೆ ಕಿಡ್ನಿ ತೊಂದರೆ, ವಾರಕ್ಕೆ ಮೂರು ಸಲ ಡಯಾಲಿಸಿಸ್. "ಆಂಟಿ, ಮೈ ಫಾದರ್ ಈಸ್ ಅಫ್ಲಿಕ್ಟೆಡ್ ವಿತ್ ಅಂತ ಹಾಕ್ಲಾ, ಸಫರಿಂಗ್ ಫ್ರಂ ಅಂತ ಹಾಕ್ಲಾ? ಅಫ್ಲಿಕ್ಟೆಡ್ ಅಂದ್ರೆ ಸ್ವಲ್ಪ ತೂಕ ಇರತ್ತಲ್ವಾ?" ಎರಡನೆಯವನು ಪತ್ರಿಕೆಯೊಂದರ ಡೆಸ್ಕಿಗೆ ಹೊಸದಾಗಿ ಸೇರಿದ ಹುಡುಗ. 'ನೆರೆ ಸಂತ್ರಸ್ತರು' ಎಂಬುದನ್ನು ಇಂಗ್ಲಿಷ್ ತಲೆಬರಹಕ್ಕೆ ಇಳಿಸಬೇಕಿತ್ತು. ಮೂರನೆಯವರು ನಿವೃತ್ತ ಸಂಸ್ಕೃತ ಮೇಷ್ಟ್ರು. ಯೋಗದ ಬಗ್ಗೆ ತಾವು ಕನ್ನಡದಲ್ಲಿ ಬರೆದಿದ್ದನ್ನು ತಾವೇ ಇಂಗ್ಲಿಷಿಗೆ ತರುತ್ತಿದ್ದಾರೆ. 'ಕ್ಲೇಶ' ಎಂಬಲ್ಲಿ ಗಾಡಿ ನಿಂತಿತ್ತು.

ಮೂವರೂ ನಿಘಂಟು ನೋಡಿದ್ದರು. ಇಂಗ್ಲಿಷ್–ಕನ್ನಡ ನಿಘಂಟು ಬಿಚ್ಚಿದರೆ ಅಫ್ಲಿಕ್ಟೆಡ್, ಸ್ಟ್ರಿಕನ್, ಅಫೆಕ್ಟೆಡ್ ಮೂರರ ಮುಂದೆಯೂ ಪೀಡಿತ, ಬಾಧಿತ, ನೊಂದ ಎಂಬ ಅದೇ ಸಾಲು ಸ್ಥಳ ಬದಲಿಸಿಕೊಂಡು ಕೂತಿರುತ್ತದೆ. ಹೀಗಾಗಿ ಒಂದರ ಬದಲು ಇನ್ನೊಂದು ಹಾಕಿದರೂ ನಡೆಯುತ್ತದೆ ಅನ್ನಿಸುತ್ತದೆ. ನಡೆಯುವುದಿಲ್ಲ. ಇಪ್ಪತ್ತು ವರ್ಷ ಎರಡೂ ದಿಕ್ಕಿನಲ್ಲಿ ಅನುವಾದ ಮಾಡಿ, ಬೈಸಿಕೊಂಡು, ತಿದ್ದಿಕೊಂಡು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ಪದ ಆರಿಸುವ ಮುನ್ನ ನಾನು ಐದು ಪ್ರಶ್ನೆ ಹಾಕಿಕೊಳ್ಳುತ್ತೇನೆ. ಕಷ್ಟ ಸಿಡಿಲಿನಂತೆ ಒಮ್ಮೆಲೇ ಬಂತೋ, ಬಂದು ಉಳಿದಿದೆಯೋ, ಅಥವಾ ಹೋಗಿ ಹೋಗಿ ಮತ್ತೆ ಬರುತ್ತಿದೆಯೋ? ಬಂದದ್ದು ಮನುಷ್ಯನಿಗೋ, ಊರಿಗೋ, ಕಾರ್ಖಾನೆಗೋ? ಆ ಪದದ ಹಿಂದೆ ಯಾವ ವಿಭಕ್ತಿ, ಅಂದರೆ ವಿತ್, ಬೈ, ಫ್ರಂ ಇವುಗಳಲ್ಲಿ ಯಾವುದು ಬರಬೇಕು? ನನಗೆ ಎಷ್ಟು ಜಾಗ ಇದೆ: ತಲೆಬರಹದ ಮೂವತ್ತು ಅಕ್ಷರವೋ, ಒಂದು ಪುಟವೋ? ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಾರದ್ದು: ಯಾರ ಬಗ್ಗೆ ಬರೆಯುತ್ತಿದ್ದೇನೋ ಅವರೇ ಇದನ್ನು ಓದಿದರೆ 'ಹೌದು, ಇದು ನಾನೇ' ಅನ್ನುತ್ತಾರೋ, ಮುಖ ತಿರುಗಿಸುತ್ತಾರೋ?

ಮೊದಲ ನಾಲ್ಕಕ್ಕೆ ಉತ್ತರ ವ್ಯಾಕರಣದಲ್ಲಿ ಸಿಗುತ್ತದೆ. ಐದನೆಯದಕ್ಕೆ ಸಿಗುವುದಿಲ್ಲ.

ಎಲ್ಲವೂ ಏಟೇ

ಇಂಗ್ಲಿಷಿನ ಈ ಪದಗಳ ಬೇರು ಕೆದಕಿದರೆ ಒಂದು ತಮಾಷೆ ಕಾಣುತ್ತದೆ. ಅಫ್ಲಿಕ್ಟ್ ಬಂದದ್ದು ಲ್ಯಾಟಿನ್ನಿನ 'ಹೊಡೆ, ನೆಲಕ್ಕೆ ಅಪ್ಪಳಿಸು' ಎಂಬರ್ಥದ ಧಾತುವಿನಿಂದ. ಕಾನ್‌ಫ್ಲಿಕ್ಟ್, ಇನ್‌ಫ್ಲಿಕ್ಟ್ ಅದರ ಒಡಹುಟ್ಟಿದವು. ಸ್ಟ್ರಿಕನ್ ಎಂದರೆ ಸ್ಟ್ರೈಕ್‌ನ ಹಳೆಯ ಭೂತಕೃದಂತ, 'ಹೊಡೆತ ತಿಂದ'. ಸ್ಮಿಟನ್ ಕೂಡ ಸ್ಮೈಟ್ ಎಂಬ ಹೊಡೆತದಿಂದಲೇ. ಪ್ಲೇಗ್‌ನ ಮೂಲವಾದ ಲ್ಯಾಟಿನ್ ಪದಕ್ಕೂ ಏಟು, ಗಾಯ ಎಂದೇ ಅರ್ಥ. ಪಾರ್ಶ್ವವಾಯುವಿಗೆ ಸ್ಟ್ರೋಕ್ ಅನ್ನುತ್ತೇವಲ್ಲ, ಅದೂ ಏಟೇ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ, ಯೆಶಾಯನ 53ನೇ ಅಧ್ಯಾಯದ 4ನೇ ವಚನದಲ್ಲಿ, ಸ್ಟ್ರಿಕನ್, ಸ್ಮಿಟನ್, ಅಫ್ಲಿಕ್ಟೆಡ್ ಮೂರೂ ಒಂದೇ ಉಸಿರಿನಲ್ಲಿ ಒಂದರ ಹಿಂದೊಂದು ಬರುತ್ತವೆ. ಅಲ್ಲಿ ಹೊಡೆಯುವವನು ದೇವರು. ನಾಲ್ಕು ನೂರು ವರ್ಷದಲ್ಲಿ ಆ ಮೂರರ ದಾರಿ ಬೇರೆಯಾಯಿತು. ಸ್ಮಿಟನ್ ಈಗ ಬಹುಪಾಲು ಪ್ರೇಮಿಗಳ ಪಾಲು. 'ಹಿ ಈಸ್ ಸ್ಮಿಟನ್' ಅಂದರೆ ಹುಡುಗ ಹುಡುಗಿಗೆ ಮನಸೋತಿದ್ದಾನೆ ಎಂದೇ ಹೊರತು ಆಸ್ಪತ್ರೆಯಲ್ಲಿದ್ದಾನೆ ಎಂದಲ್ಲ.

ಕನ್ನಡವೂ ಹೊಡೆಯುತ್ತದೆ. ಲಕ್ವ ಹೊಡೆಯುತ್ತದೆ, ಬರ ಬಡಿಯುತ್ತದೆ, ದರಿದ್ರ ಬಡಿಯುತ್ತದೆ, ಗರ ಬಡಿಯುತ್ತದೆ. ಆದರೆ ನಮ್ಮಲ್ಲಿ ರೋಗ ಇನ್ನೂ ಬೇರೆ ಕೆಲಸಗಳನ್ನೂ ಮಾಡುತ್ತದೆ. ಹುಚ್ಚು ಹಿಡಿಯುತ್ತದೆ, ಸೋಂಕು ತಗಲುತ್ತದೆ, ಕಾಯಿಲೆಗೆ ನಾವು ತುತ್ತಾಗುತ್ತೇವೆ, ಅಂದರೆ ಅದರ ಬಾಯಿಗೆ ಅನ್ನವಾಗುತ್ತೇವೆ. ಸಂಸ್ಕೃತದಿಂದ ಬಂದ 'ಗ್ರಸ್ತ'ವೂ ನುಂಗಿಸಿಕೊಂಡದ್ದೇ, ಗ್ರಹಣದ ಸೂರ್ಯನ ಹಾಗೆ. 'ಪೀಡಿತ' ಎಂದರೆ ಹಿಂಡಿಸಿಕೊಂಡದ್ದು. ಇನ್ನು ಸೀತಾಳೆ ಸಿಡುಬಿಗೆ ನಮ್ಮ ಹಳ್ಳಿಗಳಲ್ಲಿ 'ಅಮ್ಮ ಬಂದಿದ್ದಾಳೆ' ಅನ್ನುವಾಗ ಅಲ್ಲಿ ಏಟೂ ಇಲ್ಲ, ತುತ್ತೂ ಇಲ್ಲ, ನೆಂಟರ ಆಗಮನ. ಇಂಗ್ಲಿಷರೂ ಒಂದು ಕಾಲದಲ್ಲಿ ಪ್ಲೇಗ್‌ಗೆ ವಿಸಿಟೇಶನ್, ಅಂದರೆ 'ಭೇಟಿ' ಅನ್ನುತ್ತಿದ್ದರು. ದೇವರು ಬಂದು ಹೋದ ಲೆಕ್ಕ. ಇದನ್ನೆಲ್ಲ ಹೇಳಲು ಕಾರಣವಿದೆ. ಈ ಚಿತ್ರಗಳು ಪದದೊಳಗೆ ಪೂರ್ತಿ ಸತ್ತಿಲ್ಲ. ಅನುವಾದಿಸುವಾಗ ಯಾವ ಚಿತ್ರ ಬೇಕು ಎಂದು ಕೇಳಿಕೊಂಡರೆ ಅರ್ಧ ಗೊಂದಲ ಕರಗುತ್ತದೆ.

ಅಫ್ಲಿಕ್ಟೆಡ್: ಭಾರದ ಪದ, ಅಪರೂಪಕ್ಕೆ

ಬಂದು ಕೂತು ಎದ್ದು ಹೋಗದ ಕಷ್ಟಕ್ಕೆ ಅಫ್ಲಿಕ್ಟೆಡ್ ಸರಿ. ಕಾಯಿಲೆಗೆ ಸಾಮಾನ್ಯವಾಗಿ ವಿತ್ ಬರುತ್ತದೆ, ಪರಿಸ್ಥಿತಿಗೋ ಪೀಡಿಸುವ ಶಕ್ತಿಗೋ ಬೈ. ಫ್ರಂ ಎಂದೂ ಬರುವುದಿಲ್ಲ. ನಮ್ಮ ಕಡೆಯ ಅರ್ಜಿಗಳಲ್ಲಿ ನಾನು 'ಅಫ್ಲಿಕ್ಟಿಂಗ್ ಫ್ರಂ ಶುಗರ್' ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಅದು ಸಫರಿಂಗ್ ಫ್ರಂ ಎಂಬುದಕ್ಕೆ ಅಫ್ಲಿಕ್ಟ್‌ನ ಕೋಟು ಹಾಕಿದ ವೇಷ. ಅಫ್ಲಿಕ್ಟ್ ಮಾಡುವುದು ರೋಗ, ರೋಗಿಯಲ್ಲ.

ಇದರ ಒಡಹುಟ್ಟಿದ ಇನ್‌ಫ್ಲಿಕ್ಟ್ ಜೊತೆಗಿನ ಗೊಂದಲ ಇಂಗ್ಲಿಷ್ ಮಾತೃಭಾಷೆಯವರಿಗೂ ಇದೆ. ಗುಟ್ಟು ಕರ್ಮಪದದಲ್ಲಿದೆ. ಇನ್‌ಫ್ಲಿಕ್ಟ್‌ನ ಪಕ್ಕ ನೋವು ಕೂರುತ್ತದೆ, ಅಫ್ಲಿಕ್ಟ್‌ನ ಪಕ್ಕ ಮನುಷ್ಯ. 'ದೇ ಇನ್‌ಫ್ಲಿಕ್ಟೆಡ್ ಪೇನ್ ಆನ್ ಹಿಮ್' ಅಂದರೆ ನೋವನ್ನು ಅವನ ಮೇಲೆ ಹೇರಿದರು. 'ದಿ ಡಿಸೀಸ್ ಅಫ್ಲಿಕ್ಟೆಡ್ ಹಿಮ್' ಅಂದರೆ ಕಾಯಿಲೆ ಅವನನ್ನು ಕಾಡಿತು. ಕನ್ನಡದಲ್ಲಿ ಯೋಚಿಸಿದರೆ ಸುಲಭ: ಹೇರುವುದು ಒಂದು, ಕಾಡುವುದು ಇನ್ನೊಂದು.

ಈ ಪದದ ಹಿಂದೆ ಯಾರೋ ಒಬ್ಬ ಪೀಡಕ ನಿಂತಿದ್ದಾನೆ ಎಂಬ ಹಳೆಯ ನೆರಳು ಇನ್ನೂ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ 1692ರಲ್ಲಿ ನಡೆದ ಮಾಟಗಾತಿ ವಿಚಾರಣೆಗಳನ್ನು ನೋಡಿ. ಪಾದ್ರಿ ಸ್ಯಾಮುಯೆಲ್ ಪ್ಯಾರಿಸ್‌ನ ಮನೆಯಲ್ಲಿ ಅವನ ಮಗಳಿಗೆ, ನೆಂಟರ ಹುಡುಗಿಯೊಬ್ಬಳಿಗೆ ಮೈ ಸೆಟೆದುಕೊಳ್ಳುವುದು, ಕಿರುಚುವುದು ಶುರುವಾಯಿತು. ಮುಂದೆ ಇನ್ನಷ್ಟು ಹುಡುಗಿಯರು ಸೇರಿಕೊಂಡರು. ಅವರೆಲ್ಲರಿಗೂ ದಾಖಲೆಯಲ್ಲಿ ಸಿಕ್ಕ ಹೆಸರು 'ದಿ ಅಫ್ಲಿಕ್ಟೆಡ್'. ಆರೋಪಪಟ್ಟಿಗಳಲ್ಲಿ ಟಾರ್ಚರ್ಡ್, ಅಫ್ಲಿಕ್ಟೆಡ್, ಪೈನ್ಡ್, ಕನ್ಸ್ಯೂಮ್ಡ್, ವೇಸ್ಟೆಡ್, ಟಾರ್ಮೆಂಟೆಡ್ ಎಂದು ಮಂತ್ರದ ಹಾಗೆ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಪೀಡೆ ಇದೆ ಎಂದಾದರೆ ಪೀಡಿಸಿದವರು ಯಾರಾದರೂ ಇರಲೇಬೇಕು ಎಂಬುದು ಆ ಪದದೊಳಗಿದ್ದ ತರ್ಕ. 19 ಮಂದಿಯನ್ನು ಗಲ್ಲಿಗೇರಿಸಿದರು, ಜೈಲ್ಸ್ ಕೋರಿ ಎಂಬ ಮುದುಕನನ್ನು ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಇವತ್ತು 'ಅಫ್ಲಿಕ್ಟೆಡ್ ವಿತ್ ಆಟಿಸಂ' ಎಂದು ಬರೆದಾಗ ಮಗುವಿನ ತಾಯಿಗೆ ಏಕೆ ಚುಚ್ಚುತ್ತದೆ ಎಂದರೆ, ಮಗುವಿನ ಮೇಲೆ ಏನೋ ಶಾಪ ಬಿದ್ದಿದೆ ಎಂಬ ಧ್ವನಿ ಅದರಲ್ಲಿ ಇನ್ನೂ ಕೇಳಿಸುತ್ತದೆ.

ಅಸೋಸಿಯೇಟೆಡ್ ಪ್ರೆಸ್‌ನ ಶೈಲಿ ಕೈಪಿಡಿ ಇದನ್ನು ನೇರವಾಗಿಯೇ ಹೇಳುತ್ತದೆ: ಅಂಗವೈಕಲ್ಯದ ಬಗ್ಗೆ ಬರೆಯುವಾಗ ಅಫ್ಲಿಕ್ಟೆಡ್ ವಿತ್, ಸಫರ್ಸ್ ಫ್ರಂ ಎಂಬ ಕನಿಕರದ ಮಾತು ಬೇಡ, 'ಹ್ಯಾಸ್' ಸಾಕು.

ಹಾಗಾದರೆ ಅಫ್ಲಿಕ್ಟೆಡ್ ಎಲ್ಲಿ ಬಳಸಬೇಕು? ಮೂರು ಕಡೆ ಅದಕ್ಕೆ ಸಾಟಿ ಇಲ್ಲ. ಧರ್ಮ, ತತ್ತ್ವದ ಬರಹದಲ್ಲಿ ಅದು ಮನೆಯ ಪದ. ಭಗವದ್ಗೀತೆಯ 7ನೇ ಅಧ್ಯಾಯದಲ್ಲಿ ನಾಲ್ಕು ಬಗೆಯ ಭಕ್ತರನ್ನು ಹೇಳುವಾಗ ಮೊದಲು ಬರುವ 'ಆರ್ತ'ನಿಗೆ ದಿ ಅಫ್ಲಿಕ್ಟೆಡ್ ಚೆನ್ನಾಗಿ ಒಪ್ಪುತ್ತದೆ. ಆರ್ತನಾದದಲ್ಲಿರುವ ಆರ್ತನೇ ಅವನು. ಪತಂಜಲಿಯ ಐದು ಕ್ಲೇಶಗಳಿಗೆ, ಅಂದರೆ ಅವಿದ್ಯೆ, ಅಸ್ಮಿತೆ, ರಾಗ, ದ್ವೇಷ, ಅಭಿನಿವೇಶಗಳಿಗೆ ಅಫ್ಲಿಕ್ಷನ್ಸ್ ಎಂಬುದು ಇಂಗ್ಲಿಷಿನಲ್ಲಿ ಬಳಕೆಯಾಗಿ ಹಳತಾದ ಪದ. ಬೌದ್ಧ ಗ್ರಂಥಗಳ ಅನುವಾದದಲ್ಲೂ ಹೀಗೇ. ಮೇಷ್ಟ್ರಿಗೆ ನಾನು ಹೇಳಿದ್ದು ಇಷ್ಟೇ: ಇಲ್ಲಿ ಹೊಸ ಪದ ಹುಡುಕುವ ಸಾಹಸ ಬೇಡ, ಓದುವವರು ಈಗಾಗಲೇ ಇದಕ್ಕೆ ಒಗ್ಗಿದ್ದಾರೆ. ಅವರು ಟ್ರಬಲ್ಸ್ ಅಂತ ಹಾಕಿದ್ದರು. ಟ್ರಬಲ್ ಅಂದರೆ ಮಿಕ್ಸಿ ಕೆಟ್ಟ ಹಾಗೆ ಕೇಳುತ್ತದೆ.

ಎರಡನೆಯದು ದೊಡ್ಡ ಗುಂಪು ಅಥವಾ ಸಮಾಜದ ಮೇಲಿನ ಕಷ್ಟ: 'ದಿ ಪಾವರ್ಟಿ ದಟ್ ಅಫ್ಲಿಕ್ಟ್ಸ್ ದಿಸ್ ರೀಜನ್'. ಇಲ್ಲಿ ಯಾವ ಒಬ್ಬ ಮನುಷ್ಯನ ಮುಖವೂ ಬಾಡುವುದಿಲ್ಲ. ಮೂರನೆಯದು ಹಾಸ್ಯ. ತನ್ನನ್ನೇ ಗೇಲಿ ಮಾಡಿಕೊಳ್ಳುವವರು 'ಐ ಆಮ್ ಅಫ್ಲಿಕ್ಟೆಡ್ ವಿತ್ ಎ ಲವ್ ಆಫ್ ಓಲ್ಡ್ ಸ್ಕೂಟರ್ಸ್' ಅನ್ನಬಹುದು. ನಮ್ಮಲ್ಲಿ 'ಹಳೇ ಸ್ಕೂಟರಿನ ಹುಚ್ಚು ಹಿಡಿದಿದೆ' ಅನ್ನುವಂತೆ. ಪದದ ಭಾರಕ್ಕೂ ವಿಷಯದ ಹಗುರಕ್ಕೂ ನಡುವಿನ ಅಂತರದಲ್ಲಿ ನಗು ಹುಟ್ಟುತ್ತದೆ.

ಸಫರಿಂಗ್ ಫ್ರಂ: ರಜೆ ಚೀಟಿಯ ಪದ

'ಆಸ್ ಐ ಆಮ್ ಸಫರಿಂಗ್ ಫ್ರಂ ಫೀವರ್, ಐ ಆಮ್ ನಾಟ್ ಏಬಲ್ ಟು ಅಟೆಂಡ್ ದಿ ಸ್ಕೂಲ್.' ಇದನ್ನು ಬರೆಯದೆ ಎಸ್ಸೆಸ್ಸೆಲ್ಸಿ ದಾಟಿದ ಕನ್ನಡಿಗ ಯಾರಾದರೂ ಇದ್ದಾರೆಯೇ? ನಾನಂತೂ ಜ್ವರವಿಲ್ಲದೆಯೂ ಬರೆದಿದ್ದೇನೆ. ಆ ಒಂದು ಚೀಟಿಯಿಂದಾಗಿ ನಮ್ಮ ಇಂಗ್ಲಿಷಿನಲ್ಲಿ ಎಲ್ಲ ಕಾಯಿಲೆಗೂ ಸಫರಿಂಗ್ ಅಂಟಿಕೊಂಡಿತು. ಅಲ್ಲಿಂದ ಕನ್ನಡ ಪತ್ರಿಕೆಗೂ ದಾಟಿ 'ಸಕ್ಕರೆ ಕಾಯಿಲೆಯಿಂದ ಬಳಲುತ್ತಿದ್ದಾರೆ' ಆಯಿತು. ನಮ್ಮ ಬೀದಿಯಲ್ಲಿ ಸಕ್ಕರೆ ಕಾಯಿಲೆ ಇರುವ ಹತ್ತು ಜನ ದಿನಾ ಬೆಳಿಗ್ಗೆ ಐದು ಸುತ್ತು ನಡೆದು, ಆಮೇಲೆ ದರ್ಶಿನಿಯಲ್ಲಿ ನಿಂತು ಖಾಲಿ ದೋಸೆ ತಿನ್ನುತ್ತಾರೆ. ಬಳಲುತ್ತಿರುವ ಲಕ್ಷಣ ನನಗೆ ಕಂಡಿಲ್ಲ.

ಸಫರ್ ಎಂಬುದರ ಮೂಲದಲ್ಲಿ ಏಟಿಲ್ಲ, ಹೊರೆ ಇದೆ. ಕೆಳಗಿನಿಂದ ಹೊತ್ತು ನಿಲ್ಲುವುದು ಎಂಬ ಲ್ಯಾಟಿನ್ ಚಿತ್ರ ಅದು. ಆದ್ದರಿಂದ ನೋವು ನಿಜವಾಗಿ ಇದ್ದಾಗ, ಅದನ್ನು ಹೊತ್ತವರೇ ಹೇಳುವಾಗ, ಆ ಪದಕ್ಕೆ ಬೆಲೆ. 'ಐ ಸಫರ್ ಫ್ರಂ ಮೈಗ್ರೇನ್' ಎಂದು ತಲೆ ಹಿಡಿದುಕೊಂಡವರು ಹೇಳಿದರೆ ಯಾರೂ ತಕರಾರು ತೆಗೆಯಬಾರದು.

ವ್ಯಾಕರಣದಲ್ಲಿ ಒಂದು ಸೂಕ್ಷ್ಮವಿದೆ. ದೀರ್ಘಕಾಲದ ಕಾಯಿಲೆಗೆ ಫ್ರಂ ಬೇಕು. ಒಮ್ಮೆ ಘಟಿಸಿ ಮುಗಿಯುವುದಕ್ಕೆ ಬೇಡ. ಹಿ ಸಫರ್ಡ್ ಎ ಹಾರ್ಟ್ ಅಟ್ಯಾಕ್, ಶಿ ಸಫರ್ಡ್ ಎ ಫ್ರ್ಯಾಕ್ಚರ್, ದಿ ಕಂಪನಿ ಸಫರ್ಡ್ ಎ ಲಾಸ್. 'ಸಫರ್ಡ್ ಫ್ರಂ ಹಾರ್ಟ್ ಅಟ್ಯಾಕ್' ಎಂಬುದು ವಿಮೆ ಅರ್ಜಿಗಳಲ್ಲಿ ದಿನಬೆಳಗಾದರೆ ಕಾಣುವ ತಪ್ಪು. ಅದರಿಂದ ಕ್ಲೈಮು ತಿರಸ್ಕೃತವಾಗುವುದಿಲ್ಲ ಬಿಡಿ.

ಸ್ಟ್ರಿಕನ್: ಗರ ಬಡಿದ ಹಾಗೆ

ಕಷ್ಟ ದಿಢೀರನೆ ಬಂದು ಕಾಲೇ ಏಳದಂತೆ ಮಾಡಿದಾಗ ಸ್ಟ್ರಿಕನ್. ಗ್ರೀಫ್-ಸ್ಟ್ರಿಕನ್, ಪ್ಯಾನಿಕ್-ಸ್ಟ್ರಿಕನ್ ಎಂಬ ಜೋಡಿಗಳಲ್ಲಿ ಅದು ಹೆಚ್ಚು ಬದುಕಿದೆ. ನಮ್ಮ 'ಗರ ಬಡಿದವರ ಹಾಗೆ ನಿಂತುಬಿಟ್ಟರು' ಎಂಬುದಕ್ಕೆ ಇಂಗ್ಲಿಷಿನಲ್ಲಿ ಇದಕ್ಕಿಂತ ಹತ್ತಿರದ್ದನ್ನು ನಾನು ಕಂಡಿಲ್ಲ. 'ದಿ ಸ್ಟ್ರಿಕನ್ ಶಿಪ್' ಅಂದರೆ ಅಪಾಯಕ್ಕೆ ಸಿಕ್ಕಿದ ಹಡಗು. ಕಾಯಿಲೆಗೆ ಬಳಸಿದರೆ ವಿತ್ ಬರುತ್ತದೆ, ಧ್ವನಿ ಸ್ವಲ್ಪ ಹಳೆಯದು, ನಾಟಕೀಯ.

ಪಾವರ್ಟಿ-ಸ್ಟ್ರಿಕನ್, ಡ್ರಾಟ್-ಸ್ಟ್ರಿಕನ್ ಇವೆರಡು 'ದಿಢೀರ್' ನಿಯಮ ಮೀರಿ ಬೇರೂರಿವೆ. ಬಡತನ ಒಂದು ದಿನದಲ್ಲಿ ಬಡಿಯುವುದಿಲ್ಲವಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ, ರೂಢಿ ಗೆದ್ದಿದೆ. ಹಳೆಯ ಬೈಬಲಿನಲ್ಲಿ ಅಬ್ರಹಾಮ ಮತ್ತು ಸಾರಾ ವೆಲ್ ಸ್ಟ್ರಿಕನ್ ಇನ್ ಏಜ್ ಎಂದಿದ್ದರೆ ಅವರಿಗೆ ಏನೋ ಬಡಿಯಿತು ಎಂದುಕೊಳ್ಳಬೇಡಿ. ಅದು ವಯಸ್ಸಿನಲ್ಲಿ ಮುಂದೆ ಸಾಗಿದವರು ಎಂಬರ್ಥದ ಹಳೆಯ ಪ್ರಯೋಗ.

ಅಫೆಕ್ಟೆಡ್, ಹಿಟ್: ಸುದ್ದಿಮನೆಯ ಪದಗಳು

ಡೆಸ್ಕಿನ ಹುಡುಗನಿಗೆ ಇದು ಬೇಕಾದದ್ದು. ಜಾಗ ಇಲ್ಲದಿದ್ದರೆ ಹಿಟ್. ಡ್ರಾಟ್-ಹಿಟ್, ಫ್ಲಡ್-ಹಿಟ್. ಮೂರೇ ಅಕ್ಷರ, ಅದೂ ಏಟೇ. ಆದರೆ ಹಿಟ್ ಊರಿಗೆ, ಜಿಲ್ಲೆಗೆ, ಬೆಳೆಗೆ ಹೊಂದುತ್ತದೆ. ಜನರನ್ನು 'ಫ್ಲಡ್-ಹಿಟ್ ಪೀಪಲ್' ಅಂದರೆ ಕಿವಿಗೆ ಒರಟು. ಜನರಿಗೆ 'ಪೀಪಲ್ ಅಫೆಕ್ಟೆಡ್ ಬೈ ದಿ ಫ್ಲಡ್ಸ್' ಉದ್ದವಾದರೂ ಮರ್ಯಾದೆಯದು.

ಅಫೆಕ್ಟೆಡ್ ಎಂಬ ಪದಕ್ಕೆ ಬಣ್ಣ ಕಡಿಮೆ. ಅದೇ ಅದರ ಗುಣ, ಅದೇ ಅದರ ದೋಷ. ಮನೆ ಕಳೆದುಕೊಂಡವರೂ ಅಫೆಕ್ಟೆಡ್, ಒಂದು ದಿನ ಬಸ್ಸು ತಪ್ಪಿದವರೂ ಅಫೆಕ್ಟೆಡ್. ಅಣೆಕಟ್ಟಿಗೆ ಊರು ಮುಳುಗಿದವರನ್ನು ಸರ್ಕಾರಿ ಇಂಗ್ಲಿಷ್ 'ಪ್ರಾಜೆಕ್ಟ್ ಅಫೆಕ್ಟೆಡ್ ಪರ್ಸನ್ಸ್' ಅನ್ನುತ್ತದೆ, ಚಿಕ್ಕದಾಗಿ ಪಿಎಪಿ. ಮೂರು ತಲೆಮಾರಿನ ಮನೆ, ಹೊಲ, ಊರದೇವರ ಗುಡಿ ನೀರಿನಡಿ ಹೋಯಿತು ಎಂಬುದು ಆ ಮೂರಕ್ಷರದಲ್ಲಿ ಎಲ್ಲೂ ಇಲ್ಲ. ಅಲ್ಲಿ ನನಗೆ ಕನ್ನಡದ 'ಮುಳುಗಡೆ ಸಂತ್ರಸ್ತರು' ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಏನಾಯಿತು ಎಂದಾದರೂ ಅದು ಹೇಳುತ್ತದೆ.

ಆದರೆ ಬಣ್ಣ ಇಲ್ಲದಿರುವುದೇ ಬೇಕಾದ ಜಾಗವೂ ಇದೆ. ಕುಷ್ಠರೋಗ ಅದಕ್ಕೆ ಉದಾಹರಣೆ. ಶತಮಾನಗಳ ಕಾಲ ಇಂಗ್ಲಿಷಿನಲ್ಲಿ ಅಫ್ಲಿಕ್ಟೆಡ್ ವಿತ್ ಲೆಪ್ರಸಿ, ಇಲ್ಲವೇ ಒಂದೇ ಪದದಲ್ಲಿ ಲೆಪರ್ ಎಂದು ಮುಗಿಸುತ್ತಿದ್ದರು. ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಮೇಲೆ ಅದು ಗುಣವಾಗುವ ಕಾಯಿಲೆ. ಪದ ಮಾತ್ರ ಗುಣವಾಗಿರಲಿಲ್ಲ. 2010ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಾರ್ಗಸೂಚಿಯಲ್ಲಿ 'ಪರ್ಸನ್ಸ್ ಅಫೆಕ್ಟೆಡ್ ಬೈ ಲೆಪ್ರಸಿ' ಎಂದಿದೆ. ಕಾಯಿಲೆ ಇರುವವರು, ವಾಸಿಯಾದವರು ಇಬ್ಬರೂ ಅದರೊಳಗೆ ಬರುತ್ತಾರೆ. ನಮ್ಮಲ್ಲಿ 1898ರ ಲೆಪರ್ಸ್ ಆ್ಯಕ್ಟ್ ರದ್ದಾದದ್ದು 2016ರಲ್ಲಿ. ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನದ ಕಾರಣಗಳ ಪಟ್ಟಿಯಿಂದ ಕುಷ್ಠ ಹೊರಹೋದದ್ದು 2019ರಲ್ಲಿ. ಈ ವಿಷಯದಲ್ಲಿ ಕಾನೂನಿಗಿಂತ ಕನ್ನಡ ಪತ್ರಿಕೆಗಳು ಹಿಂದೆ ಎಂಬುದು ನನ್ನ ಅನುಭವ. 'ಕುಷ್ಠರೋಗಿ' ಇನ್ನೂ ಓಡಾಡುತ್ತಿದ್ದಾನೆ.

ಒಂದು ಎಚ್ಚರಿಕೆ: ಅಫೆಕ್ಟೆಡ್ ಒಂಟಿಯಾಗಿ ನಿಂತರೆ ಅರ್ಥ ಕೆಡುತ್ತದೆ. 'ಹರ್ ಮ್ಯಾನರ್ ವಾಸ್ ಅಫೆಕ್ಟೆಡ್' ಅಂದರೆ ಅವಳ ನಡೆ ನಾಟಕದ್ದು, ತೋರಿಕೆಯದ್ದು ಎಂದರ್ಥ.

ಉಳಿದವು ಬೇಗ ಬೇಗ

ಪ್ಲೇಗ್ಡ್ ಬೈ ಎಂಬುದನ್ನು ಕಂಡರೆ ಕನ್ನಡದವರು ಹೆದರುತ್ತಾರೆ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಪ್ಲೇಗಮ್ಮನ ಗುಡಿಗಳನ್ನು ಬಿಟ್ಟು ಹೋಗಿದೆ, ನಮಗೆ ಅದು ಹೆಣಗಳ ನೆನಪು. ಆದರೆ ಇಂಗ್ಲಿಷಿನ ಕ್ರಿಯಾಪದ ಈಗ ಬಹಳ ಹಗುರ. ಮತ್ತೆ ಮತ್ತೆ ಬರುವ ಕಿರಿಕಿರಿಗೆ ಅದು: ಪವರ್ ಕಟ್, ಗಾಯದ ಸಮಸ್ಯೆ, ಅನುಮಾನ. ನಮ್ಮ 'ತಾಪತ್ರಯ'ಕ್ಕೂ ಇದೇ ಗತಿಯಾಯಿತು. ಆಧ್ಯಾತ್ಮಿಕ, ಆಧಿಭೌತಿಕ, ಆಧಿದೈವಿಕ ಎಂಬ ಮೂರು ಮಹಾತಾಪಗಳು ಇಳಿದೂ ಇಳಿದೂ ಗ್ಯಾಸ್ ಸಿಲಿಂಡರ್ ಬುಕ್ ಮಾಡುವ ತಾಪತ್ರಯಕ್ಕೆ ಬಂದು ನಿಂತಿವೆ.

ಬಿಸೆಟ್ ಎಂದರೆ ನಾಲ್ಕೂ ಕಡೆಯಿಂದ ಮುತ್ತಿಗೆ. ಒಂದೇ ಕಷ್ಟಕ್ಕೆ ಅದು ಬೇಡ. ಎಯ್ಲಿಂಗ್ ವಯಸ್ಸಾದವರಿಗೆ, ಮತ್ತು ಮುಖ್ಯವಾಗಿ ಸಂಸ್ಥೆಗಳಿಗೆ. 'ರೋಗಗ್ರಸ್ತ ಸಕ್ಕರೆ ಕಾರ್ಖಾನೆ' ಎಂಬುದು ಎಯ್ಲಿಂಗ್ ಶುಗರ್ ಮಿಲ್. ಸರ್ಕಾರಿ ಕಡತದಲ್ಲಾದರೆ ಸಿಕ್ ಯೂನಿಟ್, 1985ರ ಕಾಯ್ದೆಯ ಹೆಸರಿನಲ್ಲೇ ಸಿಕ್ ಇತ್ತು. ರಿಡನ್ ಎಂಬುದು ಸವಾರಿಯ ಪದ. ಡೆಟ್-ರಿಡನ್ ಅಂದರೆ ಸಾಲ ಬೆನ್ನೇರಿ ಕೂತಿದೆ. ಆದರೆ ಬೆಡ್‌ರಿಡನ್‌ನಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಹಳೆಯ ಇಂಗ್ಲಿಷಿನಲ್ಲಿ ಅದು 'ಹಾಸಿಗೆಯನ್ನು ಏರಿದವನು'. ನಮ್ಮಲ್ಲೂ ಹಾಸಿಗೆ ಮನುಷ್ಯನನ್ನು ಹಿಡಿಯುವುದಿಲ್ಲ, ಮನುಷ್ಯನೇ ಹಾಸಿಗೆ ಹಿಡಿಯುತ್ತಾನೆ.

ವಿಕ್ಟಿಮ್ ಎಂಬುದನ್ನು ಮಾತ್ರ ಬೇಗ ದಾಟಲಾರೆ. 1983ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಸೇರಿದ ಏಡ್ಸ್ ಇರುವವರ ಗುಂಪೊಂದು ತಮ್ಮನ್ನು ವಿಕ್ಟಿಮ್ ಎನ್ನಬೇಡಿ, ಅದರಲ್ಲಿ ಸೋಲಿನ ಅರ್ಥವಿದೆ, ನಾವು 'ಪೀಪಲ್ ವಿತ್ ಏಡ್ಸ್' ಎಂದು ಘೋಷಿಸಿತು. ಇಂದಿನ 'ಪೀಪಲ್ ಲಿವಿಂಗ್ ವಿತ್ ಎಚ್‌ಐವಿ'ಯ ಹಿಂದೆ ಆ ಹಠವಿದೆ. ಆದರೆ ಅಪರಾಧದ ವಿಷಯದಲ್ಲಿ ಬೇರೆ. ಅಲ್ಲಿ ಹೊಡೆದವನು ನಿಜಕ್ಕೂ ಒಬ್ಬನಿದ್ದಾನೆ, ವಿಕ್ಟಿಮ್ ಕಾನೂನಿನ ಪದ. 2023ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೊರತಂದ ಕೈಪಿಡಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ವಿಕ್ಟಿಮ್, ಸರ್ವೈವರ್ ಎರಡೂ ಸಲ್ಲುತ್ತವೆ, ಆದರೆ ಅವರು ಒಂದನ್ನು ಬಯಸಿದರೆ ಅದನ್ನೇ ಬಳಸಿ ಎಂದಿದೆ. ಕನ್ನಡದಲ್ಲಿ ಎರಡಕ್ಕೂ 'ಸಂತ್ರಸ್ತೆ' ಒಂದೇ. ಅದರ ಸಂಸ್ಕೃತ ಅರ್ಥ 'ಹೆದರಿ ನಡುಗಿದವಳು'. ದೂರು ಕೊಟ್ಟು, ಕೋರ್ಟು ಹತ್ತಿ, ಸಾಕ್ಷಿ ಹೇಳಿದ ಹೆಣ್ಣುಮಗಳಿಗೆ ಈ ಪದ ಬರೆಯುವಾಗ ನನ್ನ ಪೆನ್ನು ಪ್ರತಿ ಸಲ ಒಂದು ಕ್ಷಣ ತಡೆಯುತ್ತದೆ. ಬದಲಿ ಪದ ನನ್ನ ಹತ್ತಿರ ಇಲ್ಲ. ಜಾಗವಿದ್ದಾಗ 'ದೂರು ನೀಡಿದ ಮಹಿಳೆ' ಎಂದು ಬಿಡಿಸಿ ಬರೆಯುತ್ತೇನೆ.

ಕನ್ನಡಕ್ಕೆ ತರುವಾಗ

ಮರುದಾರಿಯಲ್ಲಿ ನನ್ನ ಲೆಕ್ಕ ಇಷ್ಟು. 'ಪೀಡಿತ'ವನ್ನು ಪ್ರದೇಶಕ್ಕೆ ಇಡುತ್ತೇನೆ. ಬರಪೀಡಿತ ತಾಲ್ಲೂಕು ಅಂದರೆ ಯಾರಿಗೂ ನೋವಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ ಆ ಪದ ಪರಿಹಾರದ ಹಣ ತರುವ ಆಡಳಿತದ ಪದವೂ ಆಗಿತ್ತು. 'ಬಾಧೆ' ಬೆಳೆಗೆ, ಕೀಟಕ್ಕೆ. 'ಗ್ರಸ್ತ' ಸಂಸ್ಥೆಗೆ, ಶಾಪಕ್ಕೆ. 'ಸೋಂಕಿತ' ಕೋವಿಡ್ ಕಾಲದಲ್ಲಿ ಅಂಕಿಸಂಖ್ಯೆಯ ಜೊತೆ ಎಷ್ಟು ಓಡಾಡಿತೆಂದರೆ ಮನುಷ್ಯ ಅದರಿಂದ ಪೂರ್ತಿ ಖಾಲಿಯಾದ. ಅಂಕಿಗೆ ಮಾತ್ರ ಇರಲಿ. ಅಫ್ಲಿಕ್ಟೆಡ್ ವಿತ್ ಎಂಬುದನ್ನು ಕಂಡ ಕೂಡಲೇ 'ಪೀಡಿತ' ಹಾಕುವ ಕೈಚಟ ಬಿಡಿಸಿಕೊಳ್ಳಲು ನನಗೆ ವರ್ಷಗಳೇ ಹಿಡಿದವು.

ಏಕೆಂದರೆ ಇಂಗ್ಲಿಷಿನವರು ಕೈಪಿಡಿ ಬರೆದು ಹುಡುಕಿಕೊಂಡದ್ದು ನಮ್ಮ ಅಜ್ಜಿಯ ಮಾತಿನಲ್ಲೇ ಇತ್ತು. 'ಅವರಿಗೆ ಬಿಪಿ ಇದೆ.' 'ಮಗೂಗೆ ಜ್ವರ ಬಂದಿದೆ.' ಮನುಷ್ಯನ ಮುಂದೆ ಒಂದು 'ಗೆ', ಆಮೇಲೆ ಕಾಯಿಲೆ, ಕೊನೆಗೆ ಇದೆ ಅಥವಾ ಬಂದಿದೆ. ಮನೆ ಇದೆ, ಸಾಲ ಇದೆ, ಮೂವರು ಮಕ್ಕಳಿದ್ದಾರೆ ಅನ್ನುವ ಅದೇ ವಾಕ್ಯದಲ್ಲಿ ಕಾಯಿಲೆಯೂ ಒಂದು ಮೂಲೆಯಲ್ಲಿ ಕೂತಿರುತ್ತದೆ. ಬರಹಕ್ಕೆ ಬಂದಾಗ ಮಾತ್ರ ನಮಗೆ ಬಳಲುವುದು, ನರಳುವುದು, ತುತ್ತಾಗುವುದು ಬೇಕು ಅನ್ನಿಸುತ್ತದೆ.

ಡೆಸ್ಕಿನ ಹುಡುಗ ಕೊನೆಗೆ 'ಫ್ಲಡ್-ಹಿಟ್ ವಿಲೇಜಸ್' ಎಂದು ತಲೆಬರಹ ಕೊಟ್ಟು, ಒಳಗಿನ ಸುದ್ದಿಯಲ್ಲಿ ಜನರನ್ನು 'ಫ್ಯಾಮಿಲೀಸ್ ಹೂ ಲಾಸ್ಟ್ ದೇರ್ ಹೋಮ್ಸ್' ಎಂದು ಬರೆದ. ಮೇಷ್ಟ್ರು ಅಫ್ಲಿಕ್ಷನ್ಸ್‌ಗೆ ಒಪ್ಪಿದರು, ಅಡಿಟಿಪ್ಪಣಿಯಲ್ಲಿ ತಮ್ಮ ಟ್ರಬಲ್ಸ್ ಉಳಿಸಿಕೊಂಡು. ಪಕ್ಕದ ಮನೆ ಹುಡುಗಿಗೆ ನಾನು ಹೇಳಿದೆ: ನಿನಗೆ ಬೇಕಾದ ತೂಕ ಪದದಿಂದ ಬರುವುದಿಲ್ಲ, ವಾರಕ್ಕೆ ಮೂರು ಸಲ ಎಂಬುದರಿಂದ ಬರುತ್ತದೆ, ಅದನ್ನು ಬರಿ. 'ಮೈ ಫಾದರ್ ಹ್ಯಾಸ್ ಕ್ರಾನಿಕ್ ಕಿಡ್ನಿ ಡಿಸೀಸ್. ಹಿ ಗೋಸ್ ಫಾರ್ ಡಯಾಲಿಸಿಸ್ ತ್ರೀ ಟೈಮ್ಸ್ ಎ ವೀಕ್. ಐ ಗೋ ವಿತ್ ಹಿಮ್ ಆನ್ ಸಾಟರ್ಡೇಸ್.' ಕೊನೆಯ ವಾಕ್ಯ ಅವಳದ್ದೇ. ರಾತ್ರಿ ಅಪ್ಪನಿಗೆ ಓದಿ ಹೇಳಿದಳಂತೆ. ಆತ ಪೂರ್ತಿ ಕೇಳಿ, "ಉಳಿದ ದಿನ ಅಂಗಡಿ ತೆಗೀತೀನಿ ಅಂತಾನೂ ಹಾಕು" ಅಂದರಂತೆ.